ಹಿತ್ತಲಿನ ಕಳೆಯನ್ನೆಲ್ಲ ಗೊಬ್ಬರದ ಡಬ್ಬಕ್ಕೆ ಹಾಕಬಹುದಾ?

ಕಿತ್ತ ಕಳೆ, ತರಕಾರಿ ಸಿಪ್ಪೆ, ಉಳಿದ ಅನ್ನ ಇವುಗಳಲ್ಲಿ ಯಾವುದನ್ನು ಕಾಂಪೋಸ್ಟ್ ಡಬ್ಬಕ್ಕೆ ಹಾಕಬೇಕು, ಯಾವುದು ಬೇಡ ಎಂದು ಕೇಳಿದ್ದೀರಿ. ಪಾರ್ಥೇನಿಯಂ ಕಂಡರೆ ಭಯ ಅಂತಲೂ ಬರೆದಿದ್ದೀರಿ. ನನ್ನ ಮಟ್ಟಿಗೆ ಅದಕ್ಕಿಂತ ಜಾಸ್ತಿ ಹೆದರಬೇಕಾದ್ದು ಜೇಕಿಗೆ.

ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ ಆರು ವರ್ಷದಿಂದ ಗೊಬ್ಬರ ಮಾಡುತ್ತಿದ್ದೇನೆ. ಮೊದಲ ವರ್ಷ ಕಿತ್ತದ್ದನ್ನೆಲ್ಲ ಡಬ್ಬಕ್ಕೆ ತುಂಬಿದೆ. ನಾಲ್ಕು ತಿಂಗಳಿಗೆ ಕಪ್ಪಗೆ, ಒಳ್ಳೆ ಮಣ್ಣಿನ ವಾಸನೆಯ ಗೊಬ್ಬರ ಸಿಕ್ಕಿತು. ಖುಷಿಯಿಂದ ಗುಲಾಬಿ ಕುಂಡಗಳಿಗೆ ಹಾಕಿದೆ. ಮೂರು ವಾರದಲ್ಲಿ ಎಲ್ಲ ಕುಂಡಗಳಲ್ಲೂ ಸೂಜಿಯಂಥ ಹಸಿರು ಮೊಳಕೆ. ಎಳೆದರೆ ಬರೀ ಎಲೆ ಕೈಗೆ ಬರುತ್ತಿತ್ತು. ಮಣ್ಣು ಬಗೆದು ನೋಡಿದರೆ ಕಡಲೆಕಾಳಿನಷ್ಟು ಕಪ್ಪು ಗಡ್ಡೆ, ದಾರದಂಥ ಬೇರಿನಲ್ಲಿ ಇನ್ನೊಂದು ಗಡ್ಡೆಗೆ ಪೋಣಿಸಿಕೊಂಡಿತ್ತು. ಜೇಕು, ಅದೇ ಕೊನ್ನಾರಿ ಗಡ್ಡೆ. ಗಿಡಗಳನ್ನು ಕಿತ್ತು, ಬೇರು ತೊಳೆದು, ಹೊಸ ಮಣ್ಣಿಗೆ ನೆಡಬೇಕಾಯಿತು. ಒಂದು ಉಳಿಯಲಿಲ್ಲ.

ಆಮೇಲೆ ಗೊತ್ತಾಗಿದ್ದು ಇಷ್ಟು. ಬೀಜ, ಗಡ್ಡೆ ಸಾಯಬೇಕಾದರೆ ಗೊಬ್ಬರದ ರಾಶಿಯ ಒಳಗೆ ಸುಮಾರು 55 ಡಿಗ್ರಿ ಕಾವು ಕೆಲವು ದಿನ ನಿಲ್ಲಬೇಕು. ಮೂರಡಿ ಉದ್ದ, ಅಗಲ, ಎತ್ತರದ ರಾಶಿಯಲ್ಲಿ ಅದು ಸಾಧ್ಯ. ಮನೆಯ ಡಬ್ಬ ಅಷ್ಟು ಬಿಸಿಯಾಗುವುದಿಲ್ಲ. ಹಾಗಾಗಿ ಕಳೆ ಕೈಯಲ್ಲಿ ಹಿಡಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಹರಡುವುದು ಯಾವುದರಿಂದ?

ಬೀಜದಿಂದ ಅನ್ನುವುದಾದರೆ ಹೂ ಬಿಡುವ ಮೊದಲೇ ಹಾಕಿ. ಪಾರ್ಥೇನಿಯಂ, ನಮ್ಮ ಕಡೆ ಕಾಂಗ್ರೆಸ್ ಗಿಡ ಅನ್ನುತ್ತಾರಲ್ಲ, ಎಳೆಯದಾದರೆ ಒಳ್ಳೆ ಗೊಬ್ಬರ. ಬಿಳಿ ಹೂ ಕಂಡರೆ ಬೇಡವೇ ಬೇಡ. ಒಂದು ಗಿಡ 10,000ಕ್ಕೂ ಜಾಸ್ತಿ ಬೀಜ ಉದುರಿಸಬಲ್ಲದು. ಕೈಗೆ ಗ್ಲೌಸ್ ಹಾಕಿಕೊಂಡೇ ಕೀಳಿ, ತುಂಬಾ ಜನರಿಗೆ ತುರಿಕೆ ಬರುತ್ತದೆ.

ಬೇರು, ಗಡ್ಡೆಯಿಂದ ಹರಡುವ ಜೇಕು, ಗರಿಕೆಯ ವಿಷಯ ಬೇರೆ. ಜೇಕಿನ ಎಲೆ ಕತ್ತರಿಸಿ ಡಬ್ಬಕ್ಕೆ ಹಾಕುತ್ತೇನೆ, ಗಡ್ಡೆ ಸೀದಾ ಕಸದ ಗಾಡಿಗೆ. ಗರಿಕೆಯನ್ನು ಬೇಸಿಗೆಯಲ್ಲಿ ತಾರಸಿ ಮೇಲೆ ಹರಡಿ, ಮುರಿದರೆ ಲಟಕ್ ಅನ್ನುವವರೆಗೆ ಒಣಗಿಸಿ ಹಾಕುತ್ತೇನೆ. ಗಣೇಶನಿಗೆ ಏರಿಸಿದ ಗರಿಕೆ ಕುಡಿಯನ್ನೂ ಒಣಗಿದ ಮೇಲೆಯೇ ಹಾಕಿ. ಗೋಣಿ ಸೊಪ್ಪು ಕಿತ್ತ ಮೇಲೂ ತೇವ ಸಿಕ್ಕರೆ ಬೇರು ಬಿಡುತ್ತದೆ. ಆದರೆ ಅದನ್ನು ಡಬ್ಬಕ್ಕೆ ಯಾಕೆ ಹಾಕಬೇಕು? ಅಣ್ಣೆ ಸೊಪ್ಪು, ಹೊನಗೊನ್ನೆ ಜೊತೆ ಬೆರಕೆ ಸೊಪ್ಪಿನ ಸಾರು ಮಾಡಿ, ತುಂಬಾ ರುಚಿ.

ಕಳೆನಾಶಕ ಹೊಡೆದ ಜಾಗದ ಹುಲ್ಲು ಮಾತ್ರ ಮುಟ್ಟಬೇಡಿ.

ಅಡುಗೆಮನೆ ಕಸ ಇಷ್ಟು ಕಷ್ಟವಿಲ್ಲ. ತರಕಾರಿ, ಹಣ್ಣಿನ ಸಿಪ್ಪೆ, ಕಾಫಿ ಚರಟ, ಪುಡಿ ಮಾಡಿದ ಮೊಟ್ಟೆ ಚಿಪ್ಪು, ದೇವರ ಹೂವು ಎಲ್ಲ ಹಾಕಿ. ಹೂವಿನ ಹಾರ ಕಟ್ಟಿದ್ದು ಬಾಳೆ ನಾರಿನಲ್ಲಾದರೆ ಸರಿ, ನೈಲಾನ್ ದಾರವಾದರೆ ಬಿಡಿಸಿ ತೆಗೆಯಿರಿ. ಅನ್ನ, ಪಲ್ಯ ಒಂದು ಹಿಡಿ ಪರವಾಗಿಲ್ಲ. ಉಪ್ಪಿನಕಾಯಿ, ಎಣ್ಣೆ ಜಿಡ್ಡು, ಮೀನು, ಮೂಳೆ ಬೇಡ. ಉಪ್ಪು ಗಿಡಕ್ಕೆ ಆಗದು, ಮೀನಿನ ವಾಸನೆಗೆ ಇಲಿ, ಹೆಗ್ಗಣ ಬರುತ್ತವೆ. ತೆಂಗಿನ ಚಿಪ್ಪು, ಮಾವಿನ ಓಟೆಯಿಂದ ತೊಂದರೆಯಿಲ್ಲ, ಸುಮ್ನೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತವೆ.

ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ತರಗೆಲೆ ಹಾಕಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಿಂದ ನೀರು ಸುರಿದರೆ ತರಗೆಲೆ ಸಾಲದು ಅಂತ ಅರ್ಥ. ಗಬ್ಬು ವಾಸನೆಯೂ ಮುಕ್ಕಾಲು ಪಾಲು ಅದರಿಂದಲೇ.

ಹೂ ಬಿಟ್ಟ ಪಾರ್ಥೇನಿಯಂ ಈಗಾಗಲೇ ಡಬ್ಬ ಸೇರಿದ್ದರೆ ಗೊಬ್ಬರ ಬಿಸಾಡಬೇಡಿ. ಗೊಬ್ಬರ ಆದ ಮೇಲೆ ಒಂದು ಅಗಲವಾದ ಟ್ರೇನಲ್ಲಿ ತೆಳ್ಳಗೆ ಹರಡಿ, ನೀರು ಚಿಮುಕಿಸಿ ಹದಿನೈದು ದಿನ ಬಿಡಿ. ಮೊಳಕೆ ಬಂದದ್ದನ್ನು ಎರಡೆಲೆ ಇರುವಾಗಲೇ ಮಗುಚಿ ಹಾಕಿ, ಮತ್ತೆ ನೀರು ಚಿಮುಕಿಸಿ. ಎರಡು ಸಲ ಹೀಗೆ ಮಾಡಿ, ಮೂರನೇ ಸಲ ಏನೂ ಮೊಳೆಯದಿದ್ದರೆ ಕುಂಡಕ್ಕೆ ಹಾಕಿ.