ಆರು ವರ್ಷ ಧ್ಯಾನ ಮಾಡಿದರೂ ಏನೂ ಕಾಣಲಿಲ್ಲ

ಪ್ರಶ್ನೆ: ಆರು ವರ್ಷದಿಂದ ಬೆಳಿಗ್ಗೆ ಐದಕ್ಕೆ ಎದ್ದು ಧ್ಯಾನಕ್ಕೆ ಕೂರುತ್ತೇನೆ. ಬೆಳಕು, ನಾದ ಅಂತ ಒಂದು ಅನುಭವವೂ ಆಗಿಲ್ಲ. ಮಗನ ಮೇಲೆ ಈಗಲೂ ಸಿಟ್ಟು ಬರುತ್ತದೆ. ನಮ್ಮ ಸತ್ಸಂಗಕ್ಕೆ ಬರುವ ಒಬ್ಬರು ಎದುರಿಗಿದ್ದವರ ಮನಸ್ಸಿನಲ್ಲಿರುವುದನ್ನು ಹೇಳುತ್ತಾರೆ. ಎಲ್ಲರೂ ಅವರನ್ನು ಸಿದ್ಧರು ಅನ್ನುತ್ತಾರೆ. ಸಿದ್ಧರು ಅಂದರೆ ಯಾರು? ನಾನು ಮಾಡಿದ್ದು ದಂಡವಾಯಿತೇ?
– ಗೃಹಿಣಿ, ಬಿಜೈ, ಮಂಗಳೂರು

ಉತ್ತರ: ಖಂಡಿತ ದಂಡವಾಗಿಲ್ಲ.

ಸಿದ್ಧರು ಅಂದರೆ ಯಾರು ಅಂತ ಕೇಳಿದಿರಿ. ಅರ್ಜುನ ಕೇಳಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಗೀತೆಯ ಎರಡನೇ ಅಧ್ಯಾಯ, 54ನೇ ಶ್ಲೋಕ. ಸ್ಥಿತಪ್ರಜ್ಞ, ಅಂದರೆ ಬುದ್ಧಿ ಸ್ಥಿರವಾಗಿ ನಿಂತವನು, ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ? ಅವನಿಗೆ ಕಣ್ಣು ಮುಚ್ಚಿದರೆ ಏನು ಕಾಣುತ್ತದೆ ಅಂತ ಅರ್ಜುನ ಕೇಳಲಿಲ್ಲ, ನೋಡಿ. ಕೃಷ್ಣನೂ ಅಧ್ಯಾಯ ಮುಗಿಯುವ ತನಕ ಪವಾಡದ ಮಾತೆತ್ತುವುದಿಲ್ಲ. ದುಃಖ ಬಂದಾಗ ಕಂಗೆಡದವನು, ಸುಖಕ್ಕೆ ಹಾತೊರೆಯದವನು, ಆಸೆ, ಭಯ, ಸಿಟ್ಟು ಕಳಚಿಕೊಂಡವನು ಅನ್ನುತ್ತಾನೆ. ನನಗೆ ಜಾಸ್ತಿ ಇಷ್ಟವಾಗುವುದು 60ನೇ ಶ್ಲೋಕ. ತಿಳಿದವನು, ಪ್ರಯತ್ನದಲ್ಲೇ ಇರುವವನು, ಅಂಥವನ ಮನಸ್ಸನ್ನೂ ಇಂದ್ರಿಯಗಳು ಬಲವಂತವಾಗಿ ಎಳೆದೊಯ್ಯುತ್ತವೆ ಎಂದು ಕೃಷ್ಣನೇ ಒಪ್ಪುತ್ತಾನೆ. ಹಾಗಿರುವಾಗ ನಿಮ್ಮ ಸಿಟ್ಟಿಗೆ ನೀವು ಇಷ್ಟು ಕುಗ್ಗಬೇಕಾ?

ಪರರ ಮನಸ್ಸು ತಿಳಿಯುವ ಶಕ್ತಿಯನ್ನು ಯೋಗಸೂತ್ರ ಬರೆದ ಪತಂಜಲಿ ಅಲ್ಲಗಳೆಯುವುದಿಲ್ಲ. ಆ ಗ್ರಂಥದ ಮೂರನೇ ಪಾದದಲ್ಲಿ, ಅಂದರೆ ಮೂರನೇ ಅಧ್ಯಾಯದಲ್ಲಿ, ಅದೂ ಇದೆ. ಆದರೆ ಇಂಥ ಸಿದ್ಧಿಗಳು ಸಮಾಧಿಗೆ ಅಡ್ಡಿ ಎಂದು ಅದೇ ಪಾದದಲ್ಲಿ ಎಚ್ಚರಿಸುತ್ತಾರೆ. ಅಭ್ಯಾಸ ಗಟ್ಟಿಯಾಗಲು ಅವರು ಹೇಳುವುದು ಮೂರೇ ಮಾತು: ಬಹಳ ಕಾಲ, ನಡುವೆ ಬಿಡದೆ, ಆದರದಿಂದ.

ನಿಮ್ಮ ಮನೆಗೆ ಹತ್ತಿರದ ಕದ್ರಿಯನ್ನೇ ನೆನಪು ಮಾಡಿಕೊಳ್ಳಿ. ಅಲ್ಲಿನ ಜೋಗಿ ಮಠಕ್ಕೆ 12 ವರ್ಷಕ್ಕೊಮ್ಮೆ ಶೈವ ಯೋಗಿಗಳ ನಾಥ ಪಂಥದ ಸಾಧುಗಳು ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಿಂದ ನಡೆದೇ ಬರುತ್ತಾರೆ. ತಿಂಗಳುಗಟ್ಟಲೆ ನಡಿಗೆ. ಅದರಲ್ಲಿ ಹೆಚ್ಚಿನ ದಿನ ಸುಮ್ನೆ ಧೂಳು, ಬಿಸಿಲು, ಮುಂದಿನ ಊರು, ಅಷ್ಟೇ ಅಲ್ವಾ? ಕದ್ರಿ ಇನ್ನೂ ಕಾಣಲಿಲ್ಲ ಅಂತ ಯಾರೂ ಅರ್ಧದಲ್ಲಿ ತಿರುಗಿ ಹೋಗುವುದಿಲ್ಲ. ನಿಮ್ಮ ಬೆಳಗಿನ ಐದು ಗಂಟೆಯೂ ಅಂಥದ್ದೇ ನಡಿಗೆ.

ನಿಮ್ಮ ಸತ್ಸಂಗಕ್ಕೆ ಬರುವ ಅವರು ಸಿದ್ಧರೋ ಅಲ್ಲವೋ ಅಂತ ಇಲ್ಲಿ ಕೂತು ನಾನು ಹೇಳಲಾರೆ. ನೀವು ಅವರನ್ನು ಸತ್ಸಂಗದಲ್ಲಿ ಮಾತ್ರ ನೋಡಬೇಡಿ. ಪಾತ್ರೆ ತೊಳೆಯುವವರ ಜೊತೆ, ರಿಕ್ಷಾದವನ ಜೊತೆ ಹೇಗೆ ಮಾತಾಡುತ್ತಾರೆ ಗಮನಿಸಿ. ಹೆದರಿಸಿ ದುಡ್ಡು ಕೇಳಿದರೆ ಎದ್ದು ಬನ್ನಿ.

ನಿಮ್ಮ ಸಿಟ್ಟನ್ನು ಬೇರೆ ರೀತಿ ಅಳೆಯಿರಿ. ಬಂತೋ ಇಲ್ಲವೋ ಅಂತಲ್ಲ, ಎಷ್ಟು ಹೊತ್ತು ನಿಂತಿತು ಅಂತ. ಆರು ವರ್ಷದ ಹಿಂದೆ ಬೈದ ಮೇಲೆ ಮಗನ ಜೊತೆ ಎಷ್ಟು ದಿನ ಮಾತು ಬಿಡುತ್ತಿದ್ದಿರಿ? ಈಗ ರಾತ್ರಿ ಊಟ ಬಡಿಸುವಷ್ಟರಲ್ಲಿ ಇಳಿಯುತ್ತದಾ? ನಿಮಗೆ ಗೊತ್ತಾಗದಿದ್ದರೆ ಅವನನ್ನೇ ಕೇಳಿ.