ಫ್ಲೂ ಲಸಿಕೆ ಪ್ರತಿವರ್ಷ ಏಕೆ?

ತಂದೆಯವರಿಗೆ ಪ್ರತಿವರ್ಷ ಫ್ಲೂ ಲಸಿಕೆ, ಮಗುವಿಗೆ ದಡಾರದ್ದು ಎರಡೇ ಡೋಸ್, ಏಕೆ ಹೀಗೆ ಎಂದು ಪೊನ್ನಂಪೇಟೆಯಿಂದ ಕೇಳಿದ್ದೀರಿ. ಕಾಫಿ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಲೆ ತುಕ್ಕು ರೋಗವನ್ನು ತಡೆಯುತ್ತದೆಂದು ಹಿರಿಯರು ನೆಟ್ಟ ಕೆಂಟ್ಸ್ ತಳಿಗೆ ಮುಂದೆ ಅದೇ ತುಕ್ಕಿನ ಹೊಸ ಬಗೆ ತಗಲಿತಲ್ಲವೇ? ಫ್ಲೂ ವೈರಸ್ ಕೂಡ ಹಾಗೆಯೇ. ನಕಲಾಗುವಾಗ ತಪ್ಪುಗಳಾಗುತ್ತವೆ, ಪ್ರತಿಕಾಯಗಳಿಗೆ, ಅಂದರೆ ರೋಗಾಣುವನ್ನು ಗುರುತಿಸಿ ತಡೆಯುವ ದೇಹದ ಪ್ರೋಟೀನ್‌ಗಳಿಗೆ, ಗುರುತು ಸಿಗದ ರೂಪ ಉಳಿದು ಹರಡುತ್ತದೆ. ಆ ತಪ್ಪುಗಳನ್ನು ಲಸಿಕೆ ಹುಟ್ಟಿಸುವುದಿಲ್ಲ, ಇದನ್ನು ದಯವಿಟ್ಟು ಮನೆಯವರಿಗೂ ಹೇಳಿ. ದಡಾರದ ವೈರಸ್ ನಕಲಾಗುವಾಗಲೂ ತಪ್ಪುಗಳಾಗುತ್ತವೆ, ಆದರೆ ಅದರ ಮೇಲ್ಮೈ ಪ್ರೋಟೀನ್ ಹೆಚ್ಚು ಬದಲಾದರೆ ಜೀವಕೋಶದೊಳಗೆ ನುಗ್ಗುವ ಶಕ್ತಿಯೇ ಕುಂದುತ್ತದೆ. ಆದ್ದರಿಂದಲೇ 1954ರಲ್ಲಿ ಬೇರ್ಪಡಿಸಿದ ವೈರಸ್‌ನಿಂದ ಬಂದ ಲಸಿಕೆ ಇಂದಿಗೂ ಮಕ್ಕಳನ್ನು ಕಾಯುತ್ತಿದೆ. ಫ್ಲೂ ವೈರಸ್ ಹೀಗೆ ಬದಲಾಗುತ್ತಲೇ ಇರುವುದರಿಂದ, ಅದರ ಲಸಿಕೆಯಲ್ಲಿ ಯಾವ ವೈರಸ್ ತಳಿಗಳಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಪರಿಶೀಲಿಸುತ್ತದೆ. ವೈದ್ಯರನ್ನು ಕೇಳಿ, ತಂದೆಯವರಿಗೆ ಮಳೆಗಾಲಕ್ಕೆ ಮುಂಚೆಯೇ ಹಾಕಿಸಿ.