ನೆಲದ ತೇವ ಎಲ್ಲಿಂದ ಅಂತ ಮೊದಲು ನೋಡಿ

ಅಂಕೋಲೆಯ ಹೊಸ ಮನೆಯ ಕಾಂಕ್ರೀಟ್ ನೆಲ ಮಳೆಗಾಲದಲ್ಲಿ ಒದ್ದೆಯಾಗುತ್ತದೆ, ಮೇಲೆ ವಿನೈಲ್ ಶೀಟ್ ಅಂಟಿಸಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಅಂಟಿಸಬೇಡಿ. ತೇವ ಅಡಿಗೇ ಸಿಕ್ಕಿಕೊಂಡು ಅಂಟು ಬಿಡುತ್ತದೆ, ಬೂಸ್ಟು ಹಿಡಿಯುತ್ತದೆ.

ಒಣ ನೆಲದ ಮೇಲೆ 18 ಇಂಚು ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪ್ ಹಚ್ಚಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ, ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ಕೆಳಗಿಂದಲೇ ಏರುತ್ತಿದೆ. ಮೇಲ್ಭಾಗ ಮಾತ್ರ ಒದ್ದೆಯಾದರೆ ಅದು ಗಾಳಿಯ ತೇವ. ನಮ್ಮ ಕರಾವಳಿಯ ಜೂನ್-ಜುಲೈ ಗಾಳಿ ಗೊತ್ತಲ್ವಾ, ತಂಪು ನೆಲಕ್ಕೆ ತಾಗಿದರೆ ನೀರಾಗುತ್ತದೆ. ಆಗ ಕಿಟಕಿ ತೆರೆದಿಟ್ಟರೆ ಇನ್ನೂ ಜಾಸ್ತಿ. ಫ್ಯಾನ್ ಹಾಕಿ, ಸಾಲದಿದ್ದರೆ ಗಾಳಿಯ ತೇವ ಹೀರುವ ಯಂತ್ರ (ಡಿಹ್ಯೂಮಿಡಿಫೈಯರ್) ಇಡಿ.

ಕೆಳಗಿಂದ ಬರುತ್ತಿದ್ದರೆ ಹೊರಗಿನ ಕೆಲಸ ಮೊದಲು. ಇದನ್ನು ಬಿಟ್ಟು ಒಳಗೆ ಎಷ್ಟು ಖರ್ಚು ಮಾಡಿದರೂ ಸುಮ್ನೆ ದಂಡ. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳಬಾರದು. ಅಂಗಳದ ಇಳಿಜಾರು ಮನೆಯಿಂದ ಆಚೆಗಿರಬೇಕು. ಹಿಂದೆ ಗುಡ್ಡವಿದ್ದರೆ ಕಾಲುವೆ ತೋಡಿಸಿ, ಚಿರೆಕಲ್ಲಿನ (ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ) ಸಂದಿಗಳಲ್ಲಿ ನೀರು ಸಲೀಸಾಗಿ ಇಳಿದು ಬರುತ್ತದೆ. ಆಮೇಲೆ ಬೇಸಿಗೆಯಲ್ಲಿ ನೆಲ ಒಣಗಿದಾಗ ತೇವದ ಜತೆ ಮೇಲೆ ಬಂದ ಬಿಳಿ ಉಪ್ಪನ್ನು ಕೆರೆದು, ತೇವ ತಡೆಯುವ ಎಪಾಕ್ಸಿ (ಗಟ್ಟಿಯಾಗುವ ರಾಳದ ಲೇಪ) ಹಚ್ಚಿಸಿ. ಮಾಮೂಲಿ ಪೇಂಟ್ ಎದ್ದು ಬರುತ್ತದೆ.

ಹೊಸ ಕಾಂಕ್ರೀಟ್ ಒಣಗಲು ಒಂದು ಇಂಚು ದಪ್ಪಕ್ಕೆ ಸುಮಾರು 1 ತಿಂಗಳು ಎಂಬ ಲೆಕ್ಕವಿದೆ. ನಮ್ಮ ಹವೆಗೆ ಅದೂ ಸಾಲದು. ನನ್ನನ್ನು ಕೇಳಿದರೆ ವಿನೈಲ್‌ಗಿಂತ ಟೈಲ್ಸ್ ಒಳ್ಳೆಯದು. ಕಾಂಕ್ರೀಟ್ ಹಾಕುವಾಗ ಮಣ್ಣಿನ ತೇವ ಏರದಂತೆ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರಾ? ಮೇಸ್ತ್ರಿಯನ್ನು ಕೇಳಿ ತಿಳಿಸಿ.